ವಾಕಡಾ ಸೈಕಲ್ ಕಟ್ಟಿಕೊಟ್ಟ ಕಾಕಾನಿಗೆ

ಶಿವಪ್ಪ ಕಾಕಾ,

ನೀವು ಹೋಗಿ ಎಂಟು ತಿಂಗಳಾಯಿತು, ನಿಮ್ಮ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇರಲಿ, ಮೊದಲು ನಿಮ್ಮ ಪರವಾಗಿ ಆಡಿದ ಜಗಳದ ಸುದ್ದಿ ಕೇಳಿ. ನೀವು ಹೋದ ದಿನ ಅನಗೋಳದ ನಿಮ್ಮ ಮನೆಯ ಮುಂದೆ ಯಾರೋ ಹಿರಿಯರು, "ಪಾಪ, ಪಂಕ್ಚರ್ ತಗೀತಿದ್ದ, ಒಳ್ಳೇ ಮನಶ್ಯಾ" ಅಂದರು. ನಾನು ಸುಮ್ಮನಿರಲಿಲ್ಲ. "ಪಂಕ್ಚರ್ ತಗಿಯಾವ್ರು ಬ್ಯಾರೆ ರೀ. ಕಾಕಾ ಸೈಕಲ್ ಕಟ್ಟತಿದ್ರು, ಮನಶ್ಯಾರನ್ನ ನೋಡಿ ಕಟ್ಟತಿದ್ರು" ಅಂದೆ. ಸಾವಿನ ಮನೆಯಲ್ಲಿ ಹೆಂಗಸು ಎದುರು ಮಾತಾಡಿದ್ದು ಅವರಿಗೆ ಸೇರಲಿಲ್ಲ. ಸೇರದಿದ್ದರೆ ಬಿಡಲಿ.

ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದದ್ದು ನೆನಪಿದೆಯೆ? ಖಾನಾಪುರ ಬಿಟ್ಟು ಉದ್ಯಮಬಾಗದ ಕಾರ್ಖಾನೆಗೆ ಸೇರಿದ ಹೊಸತು. ನನ್ನ ಬಲಗಾಲು ಎಡಗಾಲಿಗಿಂತ ಮೂರು ಬೆರಳು ಗಿಡ್ಡ, ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಪಾಡು. ಸಣ್ಣದೊಂದು ಸೈಕಲ್ ಕೊಡಿ ಎಂದು ಕೇಳಿದರೆ ನೀವು, "ಓಣಿ ತುದೀತನಕ ನಡದ ಬಾ, ನೋಡೂಣು" ಅಂದಿರಿ. ಯಾರೂ ನೋಡದಿರಲಿ ಎಂದು ಗೋಡೆಯ ಬಾಜು ಹಿಡಿದೇ ಬೆಳೆದವಳಿಗೆ ನಡೆದು ತೋರಿಸು ಎಂದರೆ... ಮೈಯೆಲ್ಲ ಉರಿದುಹೋಯಿತು. "ಸಿಟ್ಟಾಗಬ್ಯಾಡವಾ. ಅಂಗಿ ಹೊಲಿಯಾವ ಮೈ ಅಳೀತಾನ. ನಾ ನಡಿಗಿ ಅಳೀತೇನಿ" ಅಂದಿರಿ. ಕೊನೆಗೆ ನಡೆದು ತೋರಿಸಿದೆ.

ತಿಂಗಳಾದ ಮೇಲೆ ನೀವು ಹೊರಗೆ ತಂದು ನಿಲ್ಲಿಸಿದ ಸೈಕಲ್ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಲಗಡೆಯ ಪೆಡಲಿನ ತೋಳು ಗಿಡ್ಡ, ಪೆಡಲಿನ ಮೇಲೊಂದು ಮರದ ತುಂಡು, ಸೀಟು ಬಲಕ್ಕೆ ವಾಲಿದೆ. "ವಾಕಡಾ ಐತಲ್ರಿ ಕಾಕಾ" ಅಂದೆ. ನಮ್ಮ ಕಡೆ ಸೊಟ್ಟಗಿರುವುದಕ್ಕೆಲ್ಲ ಅದೊಂದೇ ಮಾತು, ಶಾಲೆಯಲ್ಲಿ ನನಗಿದ್ದ ಹೆಸರೂ ಅದೇ. ನೀವು ತಲೆ ಎತ್ತದೆ, "ಹತ್ತಿ ನೋಡು. ಹತ್ತಿದ ಮ್ಯಾಲೂ ಹಂಗ ಅನಸಿದ್ರ ನಾನ ಮುರದ ಹಾಕತೇನಿ" ಅಂದಿರಿ. ಹತ್ತಿದೆ. ಎರಡೂ ಕಾಲು ಸಮನಾಗಿ ತಿರುಗಿದವು. ಸೊಂಟ ನೋಯಲಿಲ್ಲ ಕಾಕಾ, ಮೊದಲ ಸಲ ಸೊಂಟ ನೋಯಲಿಲ್ಲ. ಆ ಖುಷಿಯಲ್ಲಿ ಊರಾಚೆಯ ಹಿಂಡಲಗಾ ತನಕ ಹೋಗಿಬಿಟ್ಟಿದ್ದೆ.

ನಿಮಗೆ ಹೇಳದ ಒಂದು ಸಂಗತಿಯಿದೆ. ಖಾನಾಪುರದಲ್ಲಿ ಕನ್ಯೆ ನೋಡಲು ಯಾರಾದರೂ ಬರುವವರಿದ್ದರೆ ಅವ್ವ ನನ್ನನ್ನು ಗಂಟೆ ಮೊದಲೇ ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದಳು. ಬಂದವರು ಹೋಗುವ ತನಕ ಏಳುವಂತಿರಲಿಲ್ಲ. ಅವ್ವನದೂ ಪ್ರೀತಿಯೇ, ಅಲ್ಲವೆನ್ನಲಾರೆ. ಆದರೆ ನನ್ನ ಕಾಲನ್ನು ಮುಚ್ಚಿಡದೆ, ತಿದ್ದಲೂ ಹೋಗದೆ, ಇದ್ದ ಹಾಗೇ ಲೆಕ್ಕಕ್ಕೆ ತೆಗೆದುಕೊಂಡವರು ನೀವೊಬ್ಬರೇ.

ಈಗ ಸಿಟ್ಟಿನ ಮಾತು. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅಳೆಯುವುದು, ನಕ್ಷೆಗೆ ಹೊಂದದ ಬಿಡಿಭಾಗವನ್ನು ಆಚೆ ತೆಗೆದಿಡುವುದು. ಹಾಗಾಗಿ ನಿಮ್ಮ ಸೈಕಲ್ಲುಗಳ ಅಳತೆ ಬರೆದಿಡಿ ಎಂದು ಎಷ್ಟು ಸಲ ಗಂಟುಬಿದ್ದೆ? "ನಾ ಇರೂತನಕ ಬರಿಯೂದ್ಯಾಕ?" ಅನ್ನುತ್ತಿದ್ದಿರಿ. ಇಲ್ಲದಾದ ಮೇಲೆ?

ಹೋದ ತಿಂಗಳು ಸೀಟಿನ ಕೆಳಗಿನ ಬೆಸುಗೆ ಬಿಟ್ಟಿತು. ಉದ್ಯಮಬಾಗದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಮಾರುತಿಯವರಿಗೆ ಕೊಟ್ಟೆ. ಒಳ್ಳೆಯ ಮನುಷ್ಯ, ಮನೆಮಾತು ಮರಾಠಿ. ಸಂಜೆ ಹೋದರೆ ಮುಖವರಳಿಸಿ, "ಯಾರೋ ಪೂರಾ ವಾಕಡಾ ಮಾಡಿ ಇಟ್ಟಿದ್ರರೀ. ನೀವು ಹೇಳದಿದ್ರೂ ಸರಳ ಮಾಡೇನಿ" ಅಂದರು. ಸೀಟು ನೆಟ್ಟಗೆ ನಿಂತಿತ್ತು, ಪೆಡಲಿನ ತೋಳು ಎರಡೂ ಸಮ, ಮರದ ತುಂಡು ಇರಲಿಲ್ಲ. ಹತ್ತಿ ತುಳಿಯಹೋದೆ. ಬಲಗಾಲು ಪೆಡಲಿಗೆ ಎಟುಕಲೇ ಇಲ್ಲ. ನಾನು ಖುಷಿಪಡಲಿ ಎಂದು ಅವರು ಕಾಯುತ್ತ ನಿಂತಿದ್ದರು, ನಾನು ಅಲ್ಲೇ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು, "ಮೊದಲ ಹೆಂಗಿತ್ತೋ ಹಂಗ ಮಾಡ್ರಿ" ಅಂದೆ. "ಹೆಂಗಿತ್ತಂತ ಅಳತಿ ಬೇಕಲ್ರಿ?" ಅಂದರು. ಅಳತೆ ನಿಮ್ಮ ಜೊತೆಗೇ ಮಣ್ಣಿಗೆ ಹೋಗಿತ್ತು. ಪಾಳಿ ಬಿಟ್ಟ ಹೊತ್ತು, ರಸ್ತೆ ತುಂಬ ಗಂಡಸರು. ಒಂದು ಕ್ಷಣ ಹಿಂದೆಮುಂದೆ ನೋಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಸೆರಗು ಸಿಕ್ಕಿಸಿ, "ಇಲ್ಲಿ ನಿಂದರ್ರಿ, ನನ್ನ ಕಾಲ ನೋಡ್ರಿ" ಎಂದು ನಡೆಯತೊಡಗಿದೆ. ರಸ್ತೆಯ ನಟ್ಟನಡುವೆ, ನಿಧಾನಕ್ಕೆ. ಯಾರೋ ನಕ್ಕರು. ನಗುವವರ ಮುಂದೆಯೇ ತಿರುಗಿ ಮತ್ತೆ ನಡೆದೆ. ಮೂರನೆಯ ಸಲಕ್ಕೆ ಮಾರುತಿಯವರು ಒಳಗೆ ಹೋಗಿ ಗುಜರಿ ಡಬ್ಬಿಯನ್ನು ನೆಲಕ್ಕೆ ಸುರಿದು ಗಿಡ್ಡ ತೋಳನ್ನು ಹುಡುಕಿ ತಂದರು. "ಚುಕಲಂ ಬಾಯಿ, ನಂದ ತಪ್ಪಾತು" ಎಂದು ಮರಾಠಿಗೆ ಕನ್ನಡ ಸೇರಿಸಿ ಅಂದರು.

ನಾಲ್ಕು ಭಾನುವಾರ ಹಿಡಿಯಿತು. ಬಗ್ಗಿಸುವುದು, ಹತ್ತುವುದು, ಇಳಿಯುವುದು, ಮತ್ತೆ ಬಗ್ಗಿಸುವುದು. ಈ ಸಲ ಪ್ರತಿಯೊಂದು ಅಳತೆಯನ್ನೂ ಬರೆದುಕೊಂಡು ನಕ್ಷೆ ತೆಗೆದಿದ್ದೇನೆ. ಒಂದು ಪ್ರತಿ ಮಾರುತಿಯವರ ಗೋಡೆಗಿದೆ, ಒಂದು ನಿಮ್ಮ ಹೆಂಡತಿ ಕಾಕಿಯ ಟ್ರಂಕಿನಲ್ಲಿ. ನೀವಿದ್ದರೆ ಬೈಯುತ್ತಿದ್ದಿರಿ. ಬೈಯಿರಿ, ಹರಿದುಹಾಕುವವಳಲ್ಲ.

ನಿನ್ನೆ ಬೋರ್ಡು ಬರೆಯುವ ಪೇಂಟರನ್ನು ಹಿಡಿದು ಸೈಕಲ್ಲಿನ ದಂಡದ ಮೇಲೆ ಎರಡು ಸಾಲು ಬರೆಸಿದೆ. ಒಂದು ಬದಿಗೆ ಕನ್ನಡದಲ್ಲಿ "ನೇರ ಮಾಡಬಾರದು", ಇನ್ನೊಂದು ಬದಿಗೆ ಅದನ್ನೇ ಮರಾಠಿಯಲ್ಲಿ. ಬರೆದು ಮುಗಿಸಿದವನು ಕುಂಚ ಒರೆಸುತ್ತ, "ಅಕ್ಕಾರ, ಇದು ಯಾರಿಗೆ ಹೇಳೂ ಮಾತರೀ?" ಅಂದ.

"ಓದಾಕ ಬರಾವ್ರಿಗೆಲ್ಲಾ" ಅಂದೆ.