ಮಧ್ಯಾಹ್ನದ ಗಾಡಿ

ಗುರುವಾರ, ಮಾರ್ಚ್ ೧೪

ಪ್ರೀತಿಯ ಇವಳೇ,

ಹೆಸರು ಹಿಡಿದು ಬರೆಯೋಣವೆಂದು ಕೂತೆ, ಕೈ ಓಡಲಿಲ್ಲ. ಇಷ್ಟು ವರ್ಷ ‘ಇವಳೇ’ ಎಂದು ಕರೆದವನು ಈಗ ಹೆಸರು ಬರೆದರೆ ಬ್ಯಾಂಕಿನವರ ಪತ್ರದ ಹಾಗಿರುತ್ತದೆ.

ನಿನ್ನ ಪತ್ರ ಸೋಮವಾರ ಸಿಕ್ಕಿತು. ನಿನಗೆ ನಿದ್ದೆ ಬರುತ್ತಿಲ್ಲವೆಂದೂ, ಯಾರ ಹತ್ತಿರವಾದರೂ ಕೂತು ಮನಸ್ಸು ಬಿಚ್ಚಿ ಮಾತಾಡಿ ಎಂದು ಅಲ್ಲಿನ ಡಾಕ್ಟರು ಹೇಳಿದರೆಂದೂ ಬರೆದಿದ್ದೀಯ. ಒಬ್ಬರೇ ಹೋಗಬಹುದಂತೆ, ಇಲ್ಲವೇ ಗುಂಪಿನಲ್ಲಿ ಕೂರಬಹುದಂತೆ. ನಾನು ಎರಡಕ್ಕೂ ಹೋಗುತ್ತಿರುವವನು, ಅದಕ್ಕೇ ನನ್ನನ್ನು ಕೇಳಿದ್ದೀಯ: ‘ಅಲ್ಲಿ ಏನ್ ಮಾಡ್ತಾರೆ? ಸುಮ್ಸುಮ್ನೆ ಅಳಿಸ್ತಾರಾ?’ ಕೊನೆಯಲ್ಲಿ ಹಳೆಯ ಮಾತನ್ನೇ ಮತ್ತೆ ಬರೆದಿದ್ದೀಯ. ಹೊರಡುವ ದಿನ ನೀನು ಕೇಳಿದ್ದಕ್ಕೆ ನಾನು ಸರಿಯಾದ ಉತ್ತರ ಕೊಟ್ಟರೆ ಮಗಳನ್ನು ಕರೆದುಕೊಂಡು ಮನೆಗೆ ಬರುತ್ತೀಯ, ಅಲ್ಲಿಯವರೆಗೆ ಅಕ್ಕನ ಮನೆಯೇ ಗತಿ ಎಂದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸುಲಭದ್ದನ್ನು ಮುಗಿಸುತ್ತೇನೆ.

ಒಬ್ಬನೇ ಹೋಗುವುದು ಮಂಗಳವಾರ. ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿ, ಕೆಳಗಿನಿಂದ ಡ್ರಿಲ್ಲಿನ ಸದ್ದು ಬರುತ್ತಿರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಸೋಫಾದ ಮೇಲೆ ಮಲಗಿಸುತ್ತಾರೆ ಎಂದುಕೊಂಡು ಮೊದಲ ದಿನ ಒಳ್ಳೆಯ ಸಾಕ್ಸು ಹಾಕಿಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಎರಡು ಕುರ್ಚಿ. ಮುಖಾಮುಖಿ ಇಡದೆ ಸ್ವಲ್ಪ ಓರೆಯಾಗಿ ಇಟ್ಟಿರುತ್ತಾರೆ, ಮುಖ ನೋಡಲು ಮನಸ್ಸಿಲ್ಲದಿದ್ದರೆ ಕಿಟಕಿ ನೋಡಬಹುದು. ನಡುವೆ ಒಂದು ಟಿಶ್ಯೂ ಡಬ್ಬ. ಅದರಿಂದ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಬೇರೆ ಉಪಯೋಗ ಇನ್ನೂ ಬಂದಿಲ್ಲ.

ಮಾತಾಡಿಸುವ ಮೇಡಂ ನಿನಗಿಂತ ಚಿಕ್ಕವರು. ಮೊದಲ ದಿನ ಬರೀ ವಿಚಾರಿಸಿಕೊಂಡರು. ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಇಲ್ಲಿಗೆ ಬಂದು ಏನಾಗಬೇಕು ಅಂತಿದ್ದೀರಿ. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದರು. ಅದಕ್ಕೂ ಉತ್ಸಾಹ ಬೇಕಲ್ಲ ಮೇಡಂ ಎಂದೆ. ಅವರು ನಗಲಿಲ್ಲ, ಮತ್ತೊಮ್ಮೆ ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಇಲ್ಲ, ನೀನು ಗಾಬರಿಯಾಗಬೇಡ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆಯವರಿಗೆ ತಿಳಿಸುತ್ತಾರಂತೆ. ಮಿಕ್ಕಿದ್ದೆಲ್ಲ ಆ ಕೋಣೆಯಲ್ಲೇ ಇರುತ್ತದೆ.

ಅವರು ಬುದ್ಧಿ ಹೇಳುವುದಿಲ್ಲ, ಬೈಯುವುದೂ ಇಲ್ಲ. ಕೂತು ಒಂದು ಗಂಟೆ ತುಂಬುವುದಕ್ಕೆ ಸ್ವಲ್ಪ ಮುಂಚೆ ಸಾಕು ಎನ್ನುತ್ತಾರೆ, ಅಷ್ಟೇ. ಮಾತು ನಾವೇ ತೆಗೆಯಬೇಕು. ತೆಗೆಯದಿದ್ದರೆ ಅವರೂ ಸುಮ್ಮನೆ ಕೂರುತ್ತಾರೆ. ಎರಡನೆಯ ವಾರ ಹಾಗೆ ಕೂತು ಕೂತು ಕೆಳಗೆ ಯಾರದೋ ದವಡೆ ಹಲ್ಲು ಕಿತ್ತದ್ದು ಪೂರ್ತಿ ಕೇಳಿಸಿಕೊಂಡೆ.

ಆಮೇಲೆ ನಾನು ಅಪಘಾತದ ವಿಷಯ ಹೇಳತೊಡಗಿದೆ, ವಿಚಾರಣೆಯವರಿಗೆ ಹೇಳಿದ ಹಾಗೆಯೇ. ನಾನು ಓಡಿಸುತ್ತಿದ್ದ ಗಾಡಿಯ ವೇಗ ಎಷ್ಟಿತ್ತು, ಅದಕ್ಕೆ ಸಿಕ್ಕ ಆ ಮನುಷ್ಯ ಫುಟ್‌ಪಾತಿನಿಂದ ಹೇಗೆ ಇಳಿದ, ಬ್ರೇಕು ಒತ್ತಿದ ಮೇಲೆ ಬಸ್ಸು ಎಲ್ಲಿ ನಿಂತಿತು. ನನ್ನ ತಪ್ಪಿಲ್ಲ ಎಂದು ಅವರು ಬರೆದುಕೊಟ್ಟದ್ದನ್ನೂ ಹೇಳಿದೆ. ಮೇಡಂ ಎಲ್ಲ ಕೇಳಿ, ‘ಅದನ್ನ ಹೇಳ್ವಾಗ ನಿಮಗೆ ಏನನ್ಸುತ್ತೆ?’ ಎಂದರು. ನಾನು ಯೋಚಿಸಿ, ಆ ತಿರುವಿನಲ್ಲಿ ಒಂದು ಹಂಪ್ ಹಾಕಿಸಬೇಕು ಅನ್ನಿಸುತ್ತದೆ ಎಂದೆ.

ನನ್ನ ಕಥೆ ಇಷ್ಟೇ ನೋಡು. ಏನನ್ನಿಸುತ್ತದೆ ಎಂದು ಯಾರೇ ಕೇಳಲಿ, ಅಭಿಪ್ರಾಯ ಹೇಳಿಬಿಡುತ್ತೇನೆ. ಮೇಡಂ ತಿದ್ದಲು ನೋಡಿದರು, ಅಭಿಪ್ರಾಯ ಅಲ್ಲ, ಅನಿಸಿಕೆ ಎಂದರು. ನಮ್ಮ ಡಿಪೋದ ಗೋಡೆಯ ಮೇಲೆ ‘ನಿಮ್ಮ ಅನಿಸಿಕೆ’ ಎಂದು ಬರೆದ ಪೆಟ್ಟಿಗೆಯಿದೆ, ಅದರೊಳಗೆ ಜನ ಸೀಟು ಹರಿದಿದೆ ಎಂದು ಬರೆದು ಹಾಕುತ್ತಾರೆ ಎಂದೆ. ಅವತ್ತು ಅವರಿಗೂ ನಗು ಬಂತು. ಆವತ್ತಿನಿಂದ ಅವರು ಆ ಪದವನ್ನೇ ಬಿಟ್ಟಿದ್ದಾರೆ. ಭಯ ಆಗುತ್ತಾ, ಬೇಜಾರಾಗುತ್ತಾ, ಸಿಟ್ಟು ಬರುತ್ತಾ, ಅಳು ಬರುತ್ತಾ ಎಂದು ಒಂದೊಂದನ್ನೇ ಕೇಳುತ್ತಾರೆ. ಎಲ್ಲಕ್ಕೂ ಇಲ್ಲ ಎನ್ನುತ್ತೇನೆ. ಹಾಗಾದರೆ ಮೈಯಲ್ಲಿ ಎಲ್ಲಿ ಏನೂ ಆಗುವುದಿಲ್ಲ ಎಂದು ಕೇಳಿದರು. ಬಲಗಾಲಿನಲ್ಲಿ ಎಂದೆ. ಬ್ರೇಕಿನ ಕಾಲು. ಜೋಮು ಹಿಡಿದ ಹಾಗೆ ಇರುತ್ತದೆ. ಜೋಮು ಬಿಡುವಾಗ ಚುಚ್ಚುತ್ತೆ, ಕೆಲವು ವಾರ ಮೊದಲಿಗಿಂತ ಕಷ್ಟ ಆಗಬಹುದು, ಆಗ ಬರೋದು ನಿಲ್ಲಿಸ್ಬೇಡಿ ಎಂದರು. ನಿನಗೂ ಅದನ್ನೇ ಹೇಳುತ್ತೇನೆ. ಅಲ್ಲಿನವರು ಹಿಡಿಸದಿದ್ದರೆ ಮಾತ್ರ ಬೇರೆಯವರನ್ನು ನೋಡು, ಯಾರೂ ತಪ್ಪು ತಿಳಿಯುವುದಿಲ್ಲವಂತೆ.

ಇನ್ನು ಗುಂಪು. ಬುಧವಾರ ಸಂಜೆ, ಹಳೆಯ ಕ್ಲಬ್ಬಿನ ಕೋಣೆ. ಗೋಡೆಗೆ ಒರಗಿಸಿದ ಟೇಬಲ್ ಟೆನ್ನಿಸ್ ಮೇಜು, ದುಂಡಗೆ ಹಾಕಿದ ಕುರ್ಚಿಗಳು. ಮೇಡಂ ಅಲ್ಲಿಯೂ ಇರುತ್ತಾರೆ, ಮಾತು ಕಡಿಮೆ. ಮನಸ್ಸಿದ್ದರೆ ಮಾತಾಡು, ಇಲ್ಲದಿದ್ದರೆ ಕೇಳು. ಅವರಾಗಿ ಕೇಳದೆ ಯಾರಿಗೂ ಸಲಹೆ ಕೊಡುವಂತಿಲ್ಲ. ಇದು ನಿನ್ನ ಅಕ್ಕನಿಗೆ ಬಹಳ ಕಷ್ಟವಾದೀತು. ಬೇರೆಯವರು ಹೇಳಿಕೊಂಡದ್ದನ್ನು ಹೊರಗೆ ಆಡುವಂತಿಲ್ಲ, ಹಾಗಾಗಿ ನಿನಗೂ ಹೇಳುವುದಿಲ್ಲ. ನನ್ನ ಭಾಗ ಮಾತ್ರ ಹೇಳುತ್ತೇನೆ. ಇದರಲ್ಲಿ ಬರುವ ಕ್ಷೌರದಂಗಡಿಯವರ ಅಪ್ಪಣೆ ಕೇಳಿಕೊಂಡಿದ್ದೇನೆ.

ಬಹಳ ದಿನ ನಾನು ಬಾಯಿ ಬಿಡಲಿಲ್ಲ. ಹೋದ ತಿಂಗಳು ಒಮ್ಮೆ, ನೀನು ಹೋದ ದಿನದ ಮಾತು ತಾನಾಗಿ ಬಾಯಿಗೆ ಬಂತು. ಅದಕ್ಕೂ ಹಿಂದಿನ ಸಂಜೆ ನಮ್ಮ ಚಿನಕುರುಳಿ ಮೊಣಕಾಲು ಒಡೆದುಕೊಂಡು, ರಕ್ತ ಸುರಿಸಿಕೊಂಡು ಬಂದಳಲ್ಲ, ಬ್ಯಾಂಡೇಜು ಎರಡನೆಯ ಡ್ರಾಯರಿನಲ್ಲಿದೆ ಎಂದು ಹೇಳಿ ನಾನು ಪೇಪರ್ ಓದುತ್ತಲೇ ಇದ್ದೆ. ಮಾರನೆಯ ಬೆಳಿಗ್ಗೆ ನೀನು ಬ್ಯಾಗು ತುಂಬಿಸಿ ಹಾಲಿನಲ್ಲಿಟ್ಟು ನನ್ನೆದುರು ನಿಂತು, ‘ನಾನ್ ಹೋದ್ರೆ ನಿಮಗೇನೂ ಅನ್ಸಲ್ವಾ?’ ಎಂದು ಕೇಳಿದೆ. ನಾನು ಅಂದದ್ದು ನಿನಗೆ ನೆನಪಿದೆ. ‘ಮಧ್ಯಾಹ್ನದ ಗಾಡಿ ವಾಸಿ ಅನ್ಸುತ್ತೆ. ರಶ್ ಇರಲ್ಲ.’

ಗುಂಪಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಅವರ ತಪ್ಪಿಲ್ಲ, ನಗು ಬರುವ ಹಾಗೆಯೇ ಇದೆ. ನಾನೂ ನಕ್ಕೆನೇನೋ. ಆಗ ಪಕ್ಕದಲ್ಲಿದ್ದ ಕ್ಷೌರದಂಗಡಿಯವರು ಮೆಲ್ಲಗೆ ಕೇಳಿದರು: ‘ಕೊನೆಗೆ ಯಾವ ಗಾಡಿಗೆ ಹೋದ್ರು ಅವ್ರು?’

ನನಗೆ ಗೊತ್ತಿರಲಿಲ್ಲ. ಆವತ್ತು ನಿದ್ದೆಮಾತ್ರೆ ನುಂಗಿ ಮಲಗಿದವನು ಎದ್ದಾಗ ಮನೆ ಖಾಲಿಯಿತ್ತು. ಊರಿನ ಬಸ್ಸುಗಳ ವೇಳೆಯೆಲ್ಲ ಬಾಯಿಪಾಠವಿರುವ ಮನುಷ್ಯನಿಗೆ ತನ್ನ ಹೆಂಡತಿ ಮಗಳು ಯಾವ ಬಸ್ಸು ಹತ್ತಿದರೆಂದು ಗೊತ್ತಿಲ್ಲ. ಹೊರಡುವಾಗ ಕ್ಷೌರದಂಗಡಿಯವರು ಕೂದಲು ಬೆಳೆದಿದೆ, ಅಂಗಡಿಗೆ ಬನ್ನಿ ಎಂದರು. ಹೋಗಿ ಬಂದೆ.

ಗುಂಪು ಅಂದರೆ ಇಷ್ಟೇ. ನಿನಗೆ ಯಾವುದು ಸರಿಹೋಗುತ್ತದೆ ಎಂದು ಕೇಳಿದ್ದೀಯ. ನನಗೇನನ್ನಿಸುತ್ತದೆ ಎಂದು ಬರೆಯಲು ಹೊರಟು ಕೈ ತಡೆದುಕೊಂಡೆ. ನೀನು ಎರಡನ್ನೂ ನೋಡು.

ನಾನು ಈಗಲೂ ಡಿಪೋದಲ್ಲಿ ಡ್ರೈವರುಗಳಿಗೆ ಬಸ್ಸಿನ ಕೀಲಿ ಕೊಡುವ ಕಿಟಕಿಯಲ್ಲೇ ಕೂರುತ್ತೇನೆ. ಮನೆಗೂ ಡಿಪೋಗೂ ನಡೆದೇ ಓಡಾಟ. ಅಪಘಾತವಾದಾಗಿನಿಂದ ಯಾವ ಬಸ್ಸನ್ನೂ ಹತ್ತಿಲ್ಲ, ಪ್ರಯಾಣಿಕನಾಗಿಯೂ ಇಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇವತ್ತು ನನ್ನ ಹತ್ತಿರ ಇಲ್ಲ. ಸುಳ್ಳು ಬರೆಯಬಹುದಿತ್ತು, ನೀನು ಒಂದೇ ಸಾಲಿನಲ್ಲಿ ಹಿಡಿದುಬಿಡುತ್ತೀಯ. ಚಿನಕುರುಳಿಯ ಮೊಣಕಾಲಿನ ಕಲೆ ಹೋಯಿತೇ, ಬರೆ.

ಇಂತಿ,
ನಿನ್ನ ‘ಏನ್ರೀ’

ಮರೆತ ಮಾತು (ಶನಿವಾರ): ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ನಿಮ್ಮೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆದು ನಿನ್ನ ಅಕ್ಕನ ಮನೆ ಬಾಗಿಲ ಸಂದಿಯಲ್ಲಿ ತೂರಿಸಿ ಇಲ್ಲಿಗೇ ವಾಪಸ್ ಬಂದು ಕೂರುತ್ತೇನೆ. ಮಧ್ಯಾಹ್ನದ ಗಾಡಿಗೆ ಬಂದೆ. ರಶ್ ಇರಲ್ಲ ಎಂದಿದ್ದೆನಲ್ಲ, ಕಾಲಿಡಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತಿದ್ದೆ. ಪ್ರತಿ ತಿರುವಿನಲ್ಲೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಂಡಕ್ಟರ್ ನಮ್ಮ ಡಿಪೋದವನೇ, ಗುರುತು ಹಿಡಿದ. ‘ಅವತ್ತು ಅತ್ತಿಗೆನೂ ಇದೇ ಕಂಬಿ ಹಿಡ್ಕೊಂಡು ನಿಂತೇ ಬಂದ್ರು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು, ಸೀಟ್ ಕೊಡಿಸೋಕೂ ಆಗ್ಲಿಲ್ಲ’ ಎಂದ. ನನ್ನ ಮಾತು ನಂಬಿ ಆ ಗಾಡಿಗೇ ಹೋಗಿದ್ದೀಯ. ನನಗೆ ಅಳು ಬಂತು, ಇವಳೇ. ಅನ್ನಿಸಿದ್ದಲ್ಲ, ಬಂತು. ಟಿಶ್ಯೂ ಇರಲಿಲ್ಲ, ಅವನು ಟಿಕೆಟ್ ರೋಲು ಹರಿದು ಕೊಟ್ಟ. ಕೊನೆಯ ಗಾಡಿ ಏಳಕ್ಕೆ. ಅದರಲ್ಲಿ ರಶ್ ಇರುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೀವಿಬ್ಬರೂ ಬಂದರೆ ಈ ಸಲ ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ.