ಸೀತುವಿನ ಹಾಜರಿ

೨೦-೨-೧೯೭೯, ಮಂಗಳವಾರ

ಏಳನೆಯ ತರಗತಿಯ ಸೀತು ಇಂದು ಶಾಲೆಗೆ ಬಂದಳು. ದಸರಾ ರಜೆಯ ನಂತರ ಇದೇ ಮೊದಲು. ತಾಯಿಗೆ ಕಾಯಿಲೆಯಂತೆ, ಇವಳೇ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳಂತೆ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮಾಸ್ತರರನ್ನು ಇಲ್ಲಿಂದ ಎತ್ತುತ್ತಾರೆ, ಎಲ್ಲರಿಗಿಂತ ಕಿರಿಯನಾದ ನಾನೇ ಹೋಗಬೇಕು. ಅದಕ್ಕೇ ಇಷ್ಟು ದಿನವೂ ಅವಳ ಹೆಸರಿಗೆ ಹಾಜರಿ ಹಾಕುತ್ತ ಬಂದೆ.

"ಪರೀಕ್ಷೆಗೆ ಕೂರ್ಲಿಕ್ಕೆ ಆಗ್ತದಾ ಮಾಷ್ಟ್ರೇ?" ಎಂದು ಕೇಳಿದಳು.

"ಆಗ್ತದೆ. ನಿನ್ನ ಹಾಜರಿ ಬೇಕಾದಷ್ಟು ಉಂಟು" ಎಂದೆ.

ಅವಳ ಕಣ್ಣು ತುಂಬಿತು. "ನನಗೋಸ್ಕರ ಹಾಕಿದ್ದಾ? ಕರೀಲಿಕ್ಕೆ ಯಾರೂ ಬರ್ಲಿಲ್ಲ, ಹೆಸರು ಹೊಡೆದು ಹಾಕಿದ್ದೀರಿ ಅಂತ ಗ್ರಹಿಸಿದ್ದೆ."

ಅವಳ ಮನೆ ಶಾಲೆಯಿಂದ ಕೂಗಳತೆಯ ದೂರ. ಒಂದು ದಿನವೂ ನಾನು ಹೋಗಲಿಲ್ಲ.

ನಿನಗೋಸ್ಕರವೇ ಎಂದುಬಿಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಕಾಲನ್ನಾದರೂ ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು.