ಕಾಲುಚೀಲ ಅಂಟಿಸಿದ ಪಿಯಾನೋ

ಮಾರಾಯ,

ನೀನು ಇದನ್ನು ಓದುವುದಿಲ್ಲ, ಹಾಗಾಗಿ ನೇರವಾಗಿ ಕೇಳುತ್ತೇನೆ: ನಮ್ಮ ಪಿಯಾನೋವನ್ನು ಯಾರಿಗೆ ರೆಕಾರ್ಡ್ ಮಾಡಿಕೊಟ್ಟೆ?

ಇವತ್ತು ಅಕ್ಕನ ಹಾಡಿಗೆಂದು, ನಿಜವಾದ ಪಿಯಾನೋಗಳ ಒಂದೊಂದು ಕೀಯ ಸದ್ದನ್ನೂ ರೆಕಾರ್ಡ್ ಮಾಡಿ ತಯಾರಿಸಿದ, ಕಂಪ್ಯೂಟರಿನಲ್ಲಿ ನುಡಿಸುವ ವರ್ಚುವಲ್ ಪಿಯಾನೋಗಳನ್ನು ಒಂದೊಂದಾಗಿ ಕೇಳಿ ನೋಡುತ್ತಿದ್ದೆ. ಮೊದಲಿನವೆಲ್ಲ ಫೋಟೋಗೆ ನಿಂತವರ ಹಾಗೆ ತೀರಾ ಚೊಕ್ಕಟ. ಅಷ್ಟು ಚೊಕ್ಕಟವನ್ನು ನಾನು ನಂಬುವುದಿಲ್ಲ. ಕೊನೆಯದರಲ್ಲಿ ಪೆಡಲ್ ಬಿಟ್ಟಾಗ ಏನೋ ಕಿರುಗುಟ್ಟಿತು. ನನ್ನ ಕಿವಿ ನೆಟ್ಟಗಾಯಿತು. ನಾವಿಬ್ಬರೂ ಜಗಳವಾಡಿ ನಮ್ಮ ಸ್ಟುಡಿಯೋ ಮುಚ್ಚಿದ ದಿನ ನೀನು ಹೊತ್ತೊಯ್ದ ಪಿಯಾನೋ ಹೀಗೇ ನರಳುತ್ತಿತ್ತು.

"ಹಳೇ ಪಿಯಾನೋ ಎಲ್ಲಾ ಹಾಗೇ ಕಣೋ. ನಿಂಗೆ ಎಲ್ಲದರಲ್ಲೂ ಅನುಮಾನ," ಎಂದಳು ಅಕ್ಕ.

ನಾನು ಬಿಡಲಿಲ್ಲ. ಕಳ್ಳನ ಜೇಬು ತಡಕುವವನಂತೆ ಒಂದೊಂದೇ ಕೀ ಒತ್ತುತ್ತ ಎಡತುದಿಗೆ ಬಂದೆ. ನಮ್ಮ ಪಿಯಾನೋದಲ್ಲಿ ಆ ತುದಿಯ ಕೀ ಒತ್ತಿದರೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಯ ಉಣ್ಣೆ ಕಿತ್ತುಹೋದಾಗ, ನಾನು ನನ್ನ ಹಳೇ ಕಾಲುಚೀಲದ ತುಂಡು ಅಂಟಿಸಿದ್ದೆನಲ್ಲ? "ಥೂ, ಅಸಹ್ಯ! ನಾಳೇನೇ ಕಿತ್ತು ಬಿಸಾಕ್ತೀನಿ," ಎಂದು ನೀನು ದಿನವೂ ಬಯ್ಯುತ್ತಿದ್ದೆ.

ಒತ್ತಿದೆ. ಅದೇ ಮಂಕು 'ದಪ್'.

ನೀನು ಅದನ್ನು ಕಿತ್ತಿಲ್ಲ.

"ಸರಿ, ಯಾವುದು ತಗೊಳ್ಳೋದು?" ಎಂದಳು ಅಕ್ಕ.

"ಇನ್ನೂ ಅನುಮಾನ ಇದೆ," ಎಂದು ಸುಳ್ಳು ಹೇಳಿ, ಅದೇ ಕೀಯನ್ನು ಮತ್ತೆ ಒತ್ತಿದೆ.